ಚರ್ಚಿಲ್ಲದ ಊರಲ್ಲಿ ಸಭೆ ಸೇರೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹುಳಿಯಾರಿಂದ ಮಾತಾಡ್ತಾ ಇದ್ದೀನಿ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ತೋಟದಲ್ಲಿ ನೀರು ಕಟ್ತಾ ಕೇಳ್ತಿರೋರಿಗೆ, ಬೆಂಗಳೂರಿನ ಪಿ.ಜಿ.ಯಲ್ಲಿ ಬಟ್ಟೆ ಒಗೀತಾ ಕೇಳ್ತಿರೋರಿಗೆ, ಎಲ್ರಿಗೂ ಸ್ವಾಗತ.

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ನೋಟಿಂದ. ಕಳಿಸಿದವರು ನರ್ಸ್. ವರ್ಗವಾಗಿ ನಮ್ಮ ಕಡೆಯ ಒಂದು ಹೋಬಳಿ ಊರಿಗೆ ಬಂದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಹೇಳಲ್ಲ. ಅವರ ಮಾತು ಹೀಗಿತ್ತು: "ಅಣ್ಣ, ಇಲ್ಲಿ ನಮ್ಮ ಸಭೆ ಇಲ್ಲ. ಭಾನುವಾರ ಮೊಬೈಲಲ್ಲೇ ಆರಾಧನೆ ನೋಡ್ತೀನಿ. ಪ್ರಸಂಗ ಚೆನ್ನಾಗೇ ಇರುತ್ತೆ. ಆದ್ರೆ ಹೋದ ತಿಂಗಳು ಜ್ವರ ಬಂದು ಮೂರು ದಿನ ಮಲಗಿದ್ದೆ. ಯೂಟ್ಯೂಬು ಗಂಜಿ ಕಾಯಿಸಿ ಕೊಡಲಿಲ್ಲ. ಸುತ್ತಮುತ್ತ ನಮ್ಮೋರು ನಾಲ್ಕೈದು ಮನೆ ಇದ್ದೀವಿ. ಸೇರೋದು ಹೇಗೆ, ಎಲ್ಲಿ?"

ನಾನು ಪಾದ್ರಿ ಅಲ್ಲ. ಓದಿದ್ದು ಬಿ.ಕಾಂ. ಯಾರಿಗೂ ಧರ್ಮ ಬೋಧಿಸೋಕೆ ಈ ಮೈಕ್ ಇಟ್ಕೊಂಡಿಲ್ಲ. ಆದ್ರೆ ಇದು ಕ್ರೈಸ್ತರದ್ದು ಮಾತ್ರ ಅನ್ನೋ ಪ್ರಶ್ನೆಯೂ ಅಲ್ಲ. ಊರು ಬಿಟ್ಟು ಊರಿಗೆ ಬಂದ ಯಾರಾದ್ರೂ ಒಂದಲ್ಲ ಒಂದು ರಾತ್ರಿ ಇದನ್ನ ಯೋಚಿಸಿರ್ತಾರೆ. ನನಗೇನಾದ್ರೂ ಆದ್ರೆ ಬಾಗಿಲು ತಟ್ಟೋರು ಯಾರು? ಕೊನೆಗೆ ಹೆಗಲು ಕೊಡೋಕೆ ನಾಲ್ಕು ಜನ ಇದ್ದಾರಾ?

ಮೊದಲು ಪದದಿಂದ ಶುರು ಮಾಡೋಣ. ಕನ್ನಡದ ಪ್ರೊಟೆಸ್ಟೆಂಟ್ ಕ್ರೈಸ್ತರು ಚರ್ಚಿಗೆ ಏನಂತಾರೆ ಗೊತ್ತಾ? ಸಭೆ. ಪಾದ್ರಿಗೆ ಸಭಾಪಾಲಕ. ಕಟ್ಟಡಕ್ಕೆ ಬೇಕಾದ್ರೆ ದೇವಾಲಯ ಅಂತಾರೆ, ಆದ್ರೆ ಸಭೆ ಅಂದ್ರೆ ಜನ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರೋ ಎಕ್ಲೇಸಿಯಾ ಅನ್ನೋ ಪದಕ್ಕೂ ಅದೇ ಅರ್ಥ, ಸೇರಿದ ಜನ. ಅಂದ್ಮೇಲೆ ಚರ್ಚಿಲ್ಲದ ಊರಲ್ಲಿ ಸಭೆ ಇರಬಹುದಾ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಆ ಪದದಲ್ಲೇ ಇದೆ.

ಇತಿಹಾಸವೂ ಇದನ್ನೇ ಹೇಳುತ್ತೆ. ಶುರುವಿನ ಕ್ರೈಸ್ತರು ಸೇರ್ತಿದ್ದದ್ದು ಮನೆಗಳಲ್ಲಿ. ಪೌಲ ರೋಮಿನವರಿಗೆ ಬರೆದ ಪತ್ರದ ಕೊನೇಲಿ ಪ್ರಿಸ್ಕ, ಅಕ್ವಿಲ ಅನ್ನೋ ದಂಪತಿಗೂ ಅವರ ಮನೇಲಿ ಸೇರೋ ಸಭೆಗೂ ವಂದನೆ ಹೇಳ್ತಾನೆ. ಇವರಿಬ್ಬರ ಕಸುಬು ಗುಡಾರ ಮಾಡೋದು. ಪೌಲನೂ ಅದೇ ಕಸುಬಿನವನು. ಪರಿಚಯ ಬೆಳೆದಿದ್ದು ಕೆಲಸದ ಜೊತೆಗೇ. ಸಿರಿಯಾ ದೇಶದ ದುರಾ ಯುರೋಪೋಸ್ ಅನ್ನೋ ಕಡೆ 1930ರ ದಶಕದಲ್ಲಿ ಉತ್ಖನನ ಮಾಡಿದಾಗ ಒಂದು ಮನೆ ಸಿಕ್ತು. ಸುಮಾರು ಕ್ರಿ.ಶ. 240ರ ಹೊತ್ತಿಗೆ ಅದನ್ನ ಪ್ರಾರ್ಥನೆಗೆ ಅಂತ ಬದಲಾಯಿಸಿದ್ರು. ಹೊರಗಿಂದ ನೋಡಿದ್ರೆ ಬೀದಿಯ ಬೇರೆ ಮನೆಗಳ ಹಾಗೇ ಒಂದು ಮನೆ.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರ್ತೀನಿ. ಇದರಲ್ಲಿ ಲೆಕ್ಕ ಇದೆ, ಸಾಲ ಇದೆ. ಕಾಮರ್ಸ್ ಓದಿದವನಿಗೆ ಇನ್ನೇನು ಬೇಕು ಹೇಳಿ!

1742ನೇ ಇಸವಿ, ಇಂಗ್ಲೆಂಡಿನ ಬ್ರಿಸ್ಟಲ್. ಜಾನ್ ವೆಸ್ಲಿಯ ಮೆಥಡಿಸ್ಟ್ ಗುಂಪು ಅಲ್ಲಿ ಒಂದು ಕಟ್ಟಡ ಕಟ್ಟಿ ಸಾಲ ಮಾಡ್ಕೊಂಡಿತ್ತು. ತೀರಿಸೋದು ಹೇಗೆ ಅಂತ ಮೀಟಿಂಗ್. ಫಾಯ್ ಅನ್ನೋ ಒಬ್ಬ ಕ್ಯಾಪ್ಟನ್ ಹೇಳಿದ್ರು, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ. ಬಡವರು ಏನ್ ಮಾಡ್ಬೇಕು ಅಂತ ಯಾರೋ ಕೇಳಿದ್ರು. ಅದಕ್ಕೆ ಅವರು, ನನಗೆ ಹನ್ನೊಂದು ಜನ ಬಡವರನ್ನ ಕೊಡಿ, ನಾನೇ ವಾರವಾರ ಅವರ ಮನೆಗೆ ಹೋಗಿ ತರ್ತೀನಿ, ಅವರ ಕೈಲಿ ಆಗದಿದ್ರೆ ನಾನು ಹಾಕ್ತೀನಿ ಅಂದ್ರು. ಹೀಗೆ ಹನ್ನೆರಡು ಜನಕ್ಕೊಂದು ಗುಂಪು ಆಯ್ತು. ಅದಕ್ಕೆ ಕ್ಲಾಸ್ ಅಂತ ಹೆಸರು.

ಈಗ ನೋಡಿ, ದುಡ್ಡು ಕೇಳೋಕೆ ಅಂತ ಮನೆ ಮನೆಗೆ ಹೋದವರಿಗೆ ಏನು ಕಾಣಿಸ್ತು? ಒಬ್ಬನಿಗೆ ಕೆಲಸ ಹೋಗಿದೆ. ಇನ್ನೊಬ್ಬ ಕುಡಿದು ಮನೇಲಿ ಗಲಾಟೆ ಮಾಡ್ತಿದ್ದಾನೆ. ಮತ್ತೊಬ್ಬರು ಕಾಯಿಲೆ ಮಲಗಿದ್ದಾರೆ. ಭಾನುವಾರ ಒಟ್ಟಿಗೆ ಕೂತಾಗ ಇದ್ಯಾವುದೂ ಗೊತ್ತಾಗಿರಲಿಲ್ಲ. ವೆಸ್ಲಿಗೆ ಇದರ ಬೆಲೆ ತಕ್ಷಣ ತಿಳೀತು. ಆಮೇಲೆ ಆ ಹನ್ನೆರಡು ಜನ ವಾರಕ್ಕೊಮ್ಮೆ ಒಂದು ಕಡೆ ಸೇರಿ ಕಷ್ಟ ಸುಖ ಹೇಳ್ಕೊಳ್ಳೋ ಪದ್ಧತಿ ಶುರುವಾಯ್ತು. ನಮ್ಮ ಅಮ್ಮಂದಿರ ಸ್ತ್ರೀಶಕ್ತಿ ಸಂಘ ನೆನಪಾಯ್ತಾ? ವಾರದ ಉಳಿತಾಯದ ಪುಸ್ತಕ ಒಂದು ನೆಪ. ಯಾರ ಮಗಳಿಗೆ ಹೆರಿಗೆ ನೋವು, ಯಾರ ಮನೇಲಿ ಅಕ್ಕಿ ಇಲ್ಲ, ಎಲ್ಲ ಗೊತ್ತಾಗೋದು ಅಲ್ಲೇ.

ಇದೇ ವೆಸ್ಲಿಯ ಪರಂಪರೆಯ ಮಿಷನರಿಗಳು ನಮ್ಮ ತುಮಕೂರು ಜಿಲ್ಲೆಗೂ ಬಂದ್ರು. ಗುಬ್ಬಿ ಅಂದ್ರೆ ನಮಗೆಲ್ಲ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತೆ. ಆ ಕಂಪನಿ ಶುರುವಾಗಿದ್ದು 1884ರಲ್ಲಿ. ಅದಕ್ಕೂ ಮುಂಚೆ, 1837ರಲ್ಲೇ ಥಾಮಸ್ ಹಾಡ್ಸನ್ ಅನ್ನೋರು ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ತೆರೆದ್ರು. 1839ರಲ್ಲಿ ವಿಲಿಯಂ ಆರ್ಥರ್ ಅನ್ನೋ ಹುಡುಗ ಅವರ ಜೊತೆ ಸೇರ್ಕೊಂಡ್ರು. ಆಗ ಅವರಿಗೆ ಇಪ್ಪತ್ತು ವರ್ಷದ ಆಸುಪಾಸು. ಆರೋಗ್ಯ ಕೆಟ್ಟು ಬೇಗ ವಾಪಸ್ ಹೋದ್ರೂ, 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಒಂದು ಪುಸ್ತಕ ಬರೆದ್ರು. ಗುಬ್ಬಿ ಆ ಕಾಲಕ್ಕೇ ದೊಡ್ಡ ಸಂತೆಯ ಊರು. ಇವರ ಕೆಲಸ ಹೆಚ್ಚಾಗಿ ನಡೆದದ್ದು ಸಂತೆ, ಜಾತ್ರೆ, ಹಳ್ಳಿ ಅಂತ ಜನ ಇರೋ ಜಾಗದಲ್ಲೇ. ಅವರ ಧರ್ಮಪ್ರಚಾರದ ಬಗ್ಗೆ ನಿಮಗೆ ಏನೇ ಅಭಿಪ್ರಾಯ ಇರಲಿ, ಕನ್ನಡ ಕಲಿತು ಜನರ ಮಧ್ಯೆ ಕೂತು ವಾದ ಮಾಡಿದ್ರು ಅನ್ನೋದು ನಿಜ.

ಇನ್ನು ಕರಾವಳಿ ಕಡೆ ಬರೋಣ. ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಮತ ಬದಲಾಯಿಸಿದವರಿಗೆ ಒಂದೇ ಸಲಕ್ಕೆ ಮನೆ, ನೆಂಟರು, ಕಸುಬು ಎಲ್ಲ ಕೈತಪ್ಪಿ ಹೋಗ್ತಿತ್ತು. ಹಾಗಾಗಿ ಮಿಷನ್‌ನೋರು ನೇಯ್ಗೆ ಕಾರ್ಖಾನೆ ಮಾಡಿದ್ರು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯ್ತು. ಆ ಮಂಗಳೂರು ಹೆಂಚು ನಮ್ಮೂರಿನ ಹಳೇ ಮನೆಗಳ ಮೇಲೂ ಇದೆ. ಕಾರ್ಖಾನೆಯೇ ಸೇರೋ ಜಾಗ, ಸಹೋದ್ಯೋಗಿಗಳೇ ನೆಂಟರು. ಆದ್ರೆ ಇದರಲ್ಲೊಂದು ತೊಡಕಿತ್ತು. ಕೂಲಿ ಕೊಡೋರೂ ಅವರೇ, ಸಭೆ ನಡೆಸೋರೂ ಅವರೇ ಆದ್ರೆ ಎದುರು ಮಾತಾಡೋದು ಹೇಗೆ? 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳನ್ನ ಬ್ರಿಟಿಷ್ ಸರ್ಕಾರ ಹಿಡಿದಿಟ್ಟಿತು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದ್ವು. ಕೈಬದಲಾದ ಮೇಲೂ ಅಲ್ಲಿನ ಸಭೆಗಳು ಉಳಿದ್ವು, ಮುಂದೆ ದಕ್ಷಿಣ ಭಾರತ ಸಭೆ, ಅಂದ್ರೆ ಸಿ.ಎಸ್.ಐ.ಯೊಳಗೆ ಸೇರಿದ್ವು. ಉಳಿಸಿದ್ದು ಸ್ಥಳೀಯ ಜನ.

ಮಂಗಳೂರಿನ ಕ್ಯಾಥೊಲಿಕರಲ್ಲಿ ಇನ್ನೊಂದು ಏರ್ಪಾಟಿದೆ. ಒಂದು ಇಗರ್ಜಿಯ ವ್ಯಾಪ್ತಿಯನ್ನ ವಾಡೊ ಅಂತ ಸಣ್ಣ ಸಣ್ಣ ಭಾಗ ಮಾಡ್ಕೊಂಡಿರ್ತಾರೆ. ಪ್ರತಿ ವಾಡೊಗೂ ಒಬ್ಬ ಗುರ್ಕಾರ್. ಮನೆಗಳ ಸುಖ ದುಃಖ ಅವರ ಗಮನದಲ್ಲಿರುತ್ತೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ತಂದು, ಮನೆಯವರೆಲ್ಲ ಕೂತು ಸಸ್ಯಾಹಾರದ ಊಟ ಮಾಡ್ತಾರೆ. ಪೂಜೆ ಇಗರ್ಜಿಯಲ್ಲಿ ಮುಗಿದ್ರೂ ಹಬ್ಬ ಪೂರ್ತಿ ಆಗೋದು ಮನೆಯ ಊಟದಲ್ಲಿ.

ಸರಿ, ನಮ್ಮ ತೆಂಗಿನ ಸೀಮೆಗೆ ವಾಪಸ್ ಬರೋಣ. ಇಲ್ಲಿ ಜನ ಎಲ್ಲಿ ಸೇರ್ತಾರೆ? ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಒಂದು ಪುಸ್ತಕ ಬರೆದು "ಮೂರನೇ ಜಾಗ" ಅನ್ನೋ ಮಾತು ಕೊಟ್ರು. ಮನೆ ಒಂದನೇದು, ಕೆಲಸ ಎರಡನೇದು. ಇವೆರಡೂ ಅಲ್ಲದೆ, ಕರೆಯದೇ ಹೋಗಿ ಕೂರಬಹುದಾದ ಜಾಗ ಮೂರನೇದು. ನಮ್ಮಲ್ಲಿ ಅರಳಿಕಟ್ಟೆ, ಟೀ ಅಂಗಡಿ, ಸಂತೆ ಮೈದಾನ, ಕೊಬ್ಬರಿ ಸುಲಿಯೋ ಅಂಗಳ. ಆದ್ರೆ ನಿಜ ಹೇಳಿ, ಅರಳಿಕಟ್ಟೆ ಮೇಲೆ ಹೆಣ್ಮಕ್ಕಳು ಕೂತಿದ್ದು ನೋಡಿದ್ದೀರಾ? ಹೊರಗಿಂದ ಬಂದ ಒಬ್ಬ ನರ್ಸ್ ಸಂಜೆ ಏಳಕ್ಕೆ ಟೀ ಅಂಗಡಿ ಬೆಂಚಲ್ಲಿ ಕೂರೋಕೆ ಆಗುತ್ತಾ? ಅವರಿಗೆ ಮೂರನೇ ಜಾಗ ಅನ್ನೋದೇ ಇಲ್ಲ. ಅದಕ್ಕೇ ಮನೆಕೂಟ ಮುಖ್ಯವಾಗೋದು.

2020ರ ಮಾರ್ಚಲ್ಲಿ ಲಾಕ್‌ಡೌನ್ ಆಗಿ ಜೂನ್ 8ರ ತನಕ ಗುಡಿ, ಮಸೀದಿ, ಚರ್ಚು ಎಲ್ಲ ಮುಚ್ಚಿದ್ವಲ್ಲ, ಆಗ ಎಲ್ರಿಗೂ ಒಂದು ವಿಷಯ ಗೊತ್ತಾಯ್ತು. ಲೈವ್ ನೋಡೋದು ಸುಲಭ. ಆದ್ರೆ ಮಾತ್ರೆ ತಂದುಕೊಟ್ಟವರು, ರೇಷನ್ ಇಟ್ಟುಹೋದವರು ಮೊದಲೇ ಹೆಸರು ಹಿಡಿದು ಪರಿಚಯ ಇದ್ದವರು.

ಈಗ ಕಷ್ಟದ ಮಾತು. ಮನೇಲಿ ನಾಲ್ಕು ಜನ ಕ್ರೈಸ್ತರು ಸೇರಿದ್ರೆ ಇವತ್ತು ಅಕ್ಕಪಕ್ಕದವರಿಗೆ ಅನುಮಾನ ಬರಬಹುದು, ಮತಾಂತರ ಮಾಡ್ತಿದ್ದಾರಾ ಅಂತ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂತು. 2023ರ ಜೂನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ತಗೊಂಡಿತು. ಕಾನೂನಿನ ಚರ್ಚೆ ಒಂದು ಕಡೆ ಇರಲಿ. ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಎಲ್ರಿಗೂ ತಮ್ಮ ಧರ್ಮ ಪಾಲಿಸೋ ಹಕ್ಕು ಕೊಟ್ಟಿದೆ. ಆದ್ರೆ ಬೀದಿಯಲ್ಲಿ ಹಕ್ಕಿನ ಜೊತೆಗೆ ಪರಿಚಯವೂ ಬೇಕು. ಪಕ್ಕದ ಮನೆ ಅಕ್ಕನಿಗೆ ನಿಮ್ಮ ಹೆಸರು ಗೊತ್ತಿದ್ರೆ, ಭಾನುವಾರ ಯಾಕೆ ಚಪ್ಪಲಿ ಜಾಸ್ತಿ ಇವೆ ಅಂತ ನೀವೇ ಹೇಳಿದ್ರೆ, ಅರ್ಧ ಅನುಮಾನ ಅಲ್ಲೇ ಹೋಗುತ್ತೆ. ಹಾಗಂತ ಹಬ್ಬಕ್ಕೆ ಕರೆದು ಕೇಕ್ ಕೊಟ್ಟು, ಅದರ ಹಿಂದೆ ಬೇರೆ ಲೆಕ್ಕ ಇಟ್ಕೋಬಾರದು. ಸ್ನೇಹ ಅಂದ್ರೆ ಸ್ನೇಹ, ಅಷ್ಟೇ.

ಒಳಗಿನ ಅಪಾಯವೂ ಇದೆ. ಜಾತಿ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಜೊತೆ ಉಳಿಯಲ್ಲ, ಒಳಗೂ ಬರುತ್ತೆ. ದೊಡ್ಡ ಕಟ್ಟಡದಲ್ಲಿ ಎಲ್ರೂ ಒಂದೇ ಸೂರಿನಡಿ ಇರ್ತಾರೆ. ಮನೆಕೂಟದಲ್ಲಿ ಯಾರನ್ನ ಕರೀಬೇಕು ಅನ್ನೋದು ಮನೆಯವರ ಕೈಲಿ. ಹಾಗಾಗಿ ಅದು ಬರೀ ನೆಂಟರ ಕೂಟ ಆಗಿಬಿಡಬಹುದು. ಇನ್ನೊಂದು, ಕೇಳೋರಿಲ್ಲದ ಕಡೆ ಒಬ್ಬರೇ ಯಜಮಾನರಾಗಿಬಿಡ್ತಾರೆ. ಕಮಿಟಿ, ಆಡಿಟ್ ಅಂದ್ರೆ ನಾವು ಬೈತೀವಿ, ಆದ್ರೆ ಅವು ಇಲ್ಲದ ಕಡೆ ಏನಾಗುತ್ತೆ ಅಂತ ಚೀಟಿ ಹಾಕಿ ಕಳ್ಕೊಂಡವರನ್ನ ಕೇಳಿ.

ಹಾಗಾದ್ರೆ ಅಕ್ಕ, ನಿಮ್ಮ ಪ್ರಶ್ನೆಗೆ ನನಗೆ ತೋಚಿದ್ದು ಇಷ್ಟು.

ಒಂದು, ಹನ್ನೆರಡು ಜನ ದಾಟಬೇಡಿ. ಜಾಸ್ತಿ ಆದ್ರೆ ಎರಡು ಗುಂಪು ಮಾಡಿ. ಯಾರೋ ಒಬ್ಬರು ಬರಲಿಲ್ಲ ಅನ್ನೋದು ಎಲ್ರಿಗೂ ಗೊತ್ತಾಗಬೇಕು.

ಎರಡು, ದಿನ, ಹೊತ್ತು ಒಂದೇ ಇರಲಿ, ಮನೆ ಬದಲಾಗ್ತಾ ಇರಲಿ. ಬಾಡಿಗೆ ಮನೆ ಆದ್ರೆ ಓನರ್‌ಗೆ ಮೊದಲೇ ಹೇಳಿ.

ಮೂರು, ಟೀ, ಮಂಡಕ್ಕಿ ಸಾಕು. ಒಬ್ಬರು ಬಿರಿಯಾನಿ ಮಾಡಿದ್ರೆ ಮುಂದಿನ ವಾರದವರು ಸಾಲ ಮಾಡ್ಬೇಕಾಗುತ್ತೆ, ಅದರ ಮುಂದಿನ ವಾರದವರು ನಮ್ಮನೆ ಬೇಡ ಅಂತಾರೆ.

ನಾಲ್ಕು, ದುಡ್ಡು ಕೂಡಿಸೋದಾದ್ರೆ ಪುಸ್ತಕದಲ್ಲಿ ಬರೀರಿ, ಇಬ್ಬರು ಸಹಿ ಹಾಕಿ, ತಿಂಗಳಿಗೊಮ್ಮೆ ಎಲ್ರ ಮುಂದೆ ಓದಿ. ಚೀಟಿ ವ್ಯವಹಾರ ಇದರ ಜೊತೆ ಬೆರೆಸಬೇಡಿ.

ಐದು, ಹತ್ತಿರದ ಪಟ್ಟಣದ ಸಭೆಯ ಜೊತೆ ಸಂಬಂಧ ಇಟ್ಕೊಳ್ಳಿ. ಮದುವೆಗೆ, ಸಮಾಧಿ ಜಾಗಕ್ಕೆ, ಜಗಳ ಬಂದಾಗ ಬುದ್ಧಿ ಹೇಳೋಕೆ ಹೊರಗಿನ ಹಿರಿಯರು ಬೇಕು. ಸಾವಿನ ದಿನ ಜಾಗ ಹುಡುಕೋದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಅದನ್ನ ಎಲ್ರೂ ಚೆನ್ನಾಗಿರುವಾಗಲೇ ವಿಚಾರಿಸಿಡಿ.

ಕೊನೇದು, ಆತುರ ಬೇಡ. ಉಂಡೆ ಕೊಬ್ಬರಿ ಮಾಡೋರಿಗೆ ಗೊತ್ತು, ಕಾಯಿನ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಕಾಯಬೇಕು. ಮಧ್ಯದಲ್ಲಿ ಒಡೆದ್ರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಮೂರು ವಾರ ಇಬ್ಬರೇ ಬಂದ್ರೂ ನಿಲ್ಲಿಸಬೇಡಿ.

ಅಂದಹಾಗೆ, ಕೇಳ್ತಿರೋ ಉಳಿದವರಿಗೆ ಒಂದು ಮಾತು. ನಿಮ್ಮ ಬೀದೀಲಿ ಹೊರಗಿಂದ ಬಂದ ಟೀಚರ್, ನರ್ಸ್, ಬ್ಯಾಂಕಿನೋರು ಯಾರಾದ್ರೂ ಒಬ್ಬರೇ ಇದ್ದಾರಾ? ಅವರ ಜಾತಿ, ಧರ್ಮ ಕೇಳೋಕೆ ಮುಂಚೆ ಊಟ ಆಯ್ತಾ ಅಂತ ಕೇಳಿ. ಜ್ವರ ಬಂದಾಗ ಗಂಜಿ ಕೊಡೋಕೆ ಒಂದೇ ಸಭೆಯವರೇ ಆಗಬೇಕು ಅಂತ ಏನೂ ಇಲ್ಲ.

ನಿಮ್ಮ ಊರಲ್ಲಿ ಹೀಗೆ ಸೇರೋ ಗುಂಪುಗಳಿದ್ರೆ, ಯಾವ ಧರ್ಮದ್ದಾದ್ರೂ ಸರಿ, ಹೇಗೆ ನಡೀತಿದೆ ಅಂತ ವಾಯ್ಸ್ ನೋಟ್ ಕಳಿಸಿ. ಎರಡು ನಿಮಿಷದೊಳಗೆ ಇರಲಿ, ಪ್ಲೀಸ್! ಮುಂದಿನ ಸಂಚಿಕೆಯಲ್ಲಿ ಸಿಗೋಣ.