ತಾಯಿ ಇದ್ದೂ ಅನಾಥರಾದವರು

(ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಸಭೆಗಳಲ್ಲಿ ಮಾಡಿದ ಭಾಷಣ. ಮೂರು ಊರುಗಳಲ್ಲಿ ಆಡಿದ ಮಾತನ್ನು ಒಂದಾಗಿ ಜೋಡಿಸಿ ಕೊಟ್ಟಿದೆ.)



ನೇಪಾಳಕ್ಕೆ ಹೋಗಿ ಅನಾಥಾಲಯದಲ್ಲಿ ಸೇವೆ ಮಾಡಿ ಬಂದವರು ಎಂದು ನನ್ನನ್ನು ಪರಿಚಯ ಮಾಡಿಕೊಟ್ಟರು. ಪರದೇಶದ ಕಥೆ ಹೇಳಿ ನಿಮ್ಮ ಹೊತ್ತು ಕಳೆಯುವುದಕ್ಕೆ ನಾನು ಬಂದಿಲ್ಲ. ಅಲ್ಲಿ ಕಲಿತ ಪಾಠ ಕಡೂರಿನ ತೆಂಗಿನಕಾಯಿ ವ್ಯಾಪಾರಕ್ಕೂ, ತರೀಕೆರೆಯ ಅಕ್ಕಿ ಗಿರಣಿಗೂ, ಅಜ್ಜಂಪುರದ ಈರುಳ್ಳಿ ಮಂಡಿಗೂ ಸಂಬಂಧಪಟ್ಟದ್ದು. ಆದುದರಿಂದಲೇ ನಿಮ್ಮ ಮುಂದೆ ನಿಂತಿದ್ದೇನೆ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭಾರಿ ಭೂಕಂಪವಾಯಿತು. ಸುಮಾರು 9,000 ಜನ ಸತ್ತರು. ಆಗ ನಾನು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಬೇಸಿಗೆ ರಜ. ಭಾರತದವರು ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. ಗೋರಖಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಸ್ವಯಂಸೇವಕರ ಒಂದು ತಂಡದೊಡನೆ ಹೋದೆ. ಕಠ್ಮಂಡುವಿನ ಹೊರವಲಯದ ಒಂದು ಮಕ್ಕಳ ಮನೆಯಲ್ಲಿ ಐದು ವಾರ ಇದ್ದೆ. ಬೆಳಿಗ್ಗೆ ಲೆಕ್ಕ ಹೇಳಿಕೊಡುವುದು, ಮಧ್ಯಾಹ್ನ ತರಕಾರಿ ಹೆಚ್ಚುವುದು, ಸಂಜೆ ನೀರು ಹೊರುವುದು ನನ್ನ ಕೆಲಸ.

ಆ ಮನೆಯ ಪುಸ್ತಕದಲ್ಲಿ ಎಲ್ಲ ಮಕ್ಕಳ ಹೆಸರಿನ ಮುಂದೆಯೂ ‘ಅನಾಥ’ ಎಂದು ಬರೆದಿತ್ತು. ಮೂರನೆಯ ವಾರ ಒಂಬತ್ತು ವರ್ಷದ ಒಬ್ಬ ಹುಡುಗ ನನ್ನ ಹತ್ತಿರ ಬಂದು ಕಾಗದ ಬರೆದುಕೊಡಿ ಎಂದು ಕೇಳಿದ. ಯಾರಿಗಪ್ಪಾ ಎಂದೆ. ‘ಆಮಾ’ ಎಂದ. ನೇಪಾಳಿಯಲ್ಲಿ ತಾಯಿಗೆ ಆಮಾ ಎನ್ನುತ್ತಾರೆ. ಕನ್ನಡದವನಿಗೆ ಅದರ ಅರ್ಥ ಯಾರೂ ಹೇಳಬೇಕಾಗಿಲ್ಲ. ಹುಡುಗನಿಗೆ ತನ್ನ ಹಳ್ಳಿಯ ಹೆಸರು ಗೊತ್ತಿತ್ತು, ಮನೆಯಲ್ಲಿದ್ದ ಆಡುಗಳ ಲೆಕ್ಕ ಗೊತ್ತಿತ್ತು, ತಂಗಿಯ ಹೆಸರು ಗೊತ್ತಿತ್ತು. ಮನೆ ನಡೆಸುವವರನ್ನು ಕೇಳಿದೆ. ಕಾಗದ ಬರೆದರೆ ಮಕ್ಕಳು ಸುಮ್ಮನೆ ಅಳುತ್ತವೆ, ಅದೆಲ್ಲ ಬೇಡ ಎಂದರು. ನಾನು ಕಾಗದ ಬರೆದೆ. ಅಂಥ ಮಕ್ಕಳ ಮನೆಮಠ ಹುಡುಕಿಕೊಡುವ ಜನ ಆ ಊರಿನಲ್ಲಿದ್ದಾರೆ, ಅವರ ಕೈಗೆ ಕೊಟ್ಟು ಬಂದೆ. ಅದು ಆ ತಾಯಿಗೆ ತಲುಪಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಇದು ಒಬ್ಬ ಹುಡುಗನ ಸಂಗತಿಯಾಗಿದ್ದರೆ ನಾನು ಸಭೆಯಲ್ಲಿ ಹೇಳುತ್ತಿರಲಿಲ್ಲ. ನೇಪಾಳದಲ್ಲಿ 1996ರಿಂದ 2006ರವರೆಗೆ ಒಳಯುದ್ಧ ನಡೆಯಿತು. ಹುಮ್ಲಾ ಎಂಬುದು ಆ ದೇಶದ ವಾಯವ್ಯದ ಬೆಟ್ಟದ ಜಿಲ್ಲೆ, ಬಹಳ ಬಡ ಜಿಲ್ಲೆ. ದಲ್ಲಾಳಿಗಳು ಅಲ್ಲಿಯ ಹಳ್ಳಿಗಳಿಗೆ ಹೋಗಿ, ನಿಮ್ಮ ಮಗುವನ್ನು ಯುದ್ಧದಿಂದ ಪಾರುಮಾಡುತ್ತೇವೆ, ಪೇಟೆಯಲ್ಲಿ ಓದಿಸುತ್ತೇವೆ ಎಂದು ನಂಬಿಸಿದರು. ತಂದೆತಾಯಿ ಸಾಲ ಮಾಡಿ, ಹೊಲ ಮಾರಿ ದಲ್ಲಾಳಿಗೆ ಹಣ ಕೊಟ್ಟರು. ಕಾನರ್ ಗ್ರೆನನ್ ಎಂಬ ಅಮೆರಿಕದ ಯುವಕ ಗೋದಾವರಿ ಎಂಬ ಊರಿನ ಅನಾಥಾಲಯಕ್ಕೆ ಸೇವೆಗೆ ಬಂದಿದ್ದ. ಈ ಮಕ್ಕಳಿಗೆ ತಂದೆತಾಯಿ ಇದ್ದಾರೆ ಎಂದು ತಿಳಿದ ಮೇಲೆ ಹುಮ್ಲಾದ ಬೆಟ್ಟಗಳನ್ನು ನಡೆದು ಹತ್ತಿ ಅವರ ಮನೆಗಳನ್ನು ಹುಡುಕಿದ. ಸತ್ತೇಹೋದವೆಂದು ತಿಳಿದಿದ್ದ ಮಕ್ಕಳ ಸುದ್ದಿಯನ್ನು ತಾಯಂದಿರಿಗೆ ಮುಟ್ಟಿಸಿದ.

ವರ್ತಕ ಬಂಧುಗಳಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಮಗುವನ್ನು ಕರೆದೊಯ್ಯುವಾಗ ತಂದೆಯಿಂದ ಹಣ. ಅದೇ ಮಗುವನ್ನು ಅನಾಥನೆಂದು ತೋರಿಸಿ ವಿದೇಶದ ದಾನಿಯಿಂದ ಹಣ. ಸೇವೆಗೆ ಬಂದವರಿಂದ ಊಟ ವಸತಿಯ ಹೆಸರಿನಲ್ಲಿ ಮತ್ತೆ ಹಣ. ಖರೀದಿಯಲ್ಲೂ ಲಾಭ, ಮಾರಾಟದಲ್ಲೂ ಲಾಭ. ಇಂಥ ಸರಕು ನಿಮ್ಮ ಯಾವ ಮಂಡಿಯಲ್ಲೂ ಇಲ್ಲ. ಬೇಡಿಕೆ ಹೆಚ್ಚಿದರೆ ಸರಕು ತಾನಾಗಿ ಬರುತ್ತದೆಯಷ್ಟೆ? ಕಾಂಬೋಡಿಯದಲ್ಲಿ 2005ರಲ್ಲಿ 154 ಅನಾಥಾಲಯಗಳಿದ್ದವು. 2010ಕ್ಕೆ 269 ಆದವು. ಆ ಐದು ವರ್ಷಗಳಲ್ಲಿ ಅಲ್ಲಿ ಯುದ್ಧವಾಗಲಿಲ್ಲ, ಕ್ಷಾಮ ಬರಲಿಲ್ಲ. ಹೆಚ್ಚಿದ್ದು ಪ್ರವಾಸಿಗಳು ಮತ್ತು ದಾನಿಗಳು. ಅಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ತಂದೆ ಅಥವಾ ತಾಯಿ ಬದುಕಿದ್ದರೆಂದು ಯೂನಿಸೆಫ್ ಸಂಸ್ಥೆಯವರು ತಿಳಿಸಿದರು. ಆಸ್ಟ್ರೇಲಿಯ ದೇಶ 2018ರಲ್ಲಿ ಆಧುನಿಕ ಗುಲಾಮಗಿರಿಯ ಮೇಲೆ ಕಾಯಿದೆ ಮಾಡಿದಾಗ ಅನಾಥಾಲಯದ ಈ ವ್ಯಾಪಾರವನ್ನೂ ಗುಲಾಮಗಿರಿಯ ಲೆಕ್ಕಕ್ಕೆ ಸೇರಿಸಿತು.

ಎರಡನೆಯ ಪಾಠ ನಮ್ಮಂಥ ಸೇವಕರ ವಿಷಯ. ಒಂದು ತಂಡ ಹತ್ತು ದಿನ, ಇನ್ನೊಂದು ಹದಿನೈದು ದಿನ. ಹೊಸಬರು ಬಂದರೆ ಚಿಕ್ಕ ಮಕ್ಕಳು ಓಡಿಬಂದು ಕುತ್ತಿಗೆಗೆ ಬೀಳುತ್ತಿದ್ದವು. ನೋಡಿದವರು, ಎಷ್ಟು ಪ್ರೀತಿಯ ಮಕ್ಕಳು ಎನ್ನುತ್ತಿದ್ದರು. ಹನ್ನೆರಡು ಹದಿಮೂರು ವರ್ಷದವರು ಮಾತ್ರ ಹೊಸಬರ ಹೆಸರನ್ನೂ ಕೇಳುತ್ತಿರಲಿಲ್ಲ. ಬೀರೂರು ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸುವವರ ಹೆಸರನ್ನು ಅಲ್ಲಿಯ ಕೂಲಿಗಳು ಕೇಳುತ್ತಾರೆಯೇ? ಮಗುವಿಗೆ ಬೇಕಾದ್ದು ದಿನಕ್ಕೊಬ್ಬ ಮಾಮನಲ್ಲ. ಜ್ವರ ಬಂದ ರಾತ್ರಿ ಪಕ್ಕದಲ್ಲಿ ಇರುವ, ಮಾರನೆಯ ವರ್ಷವೂ ಇರುವ ಒಂದು ಜೀವ ಬೇಕು.

ಇದು ಬರೀ ಭಾವನೆಯ ಮಾತಲ್ಲ. ರುಮೇನಿಯದಲ್ಲಿ ಸಮಾಜವಾದದ ಹೆಸರು ಹೇಳಿಕೊಂಡ ಸರಕಾರವೇ ಬಡವರ ಮಕ್ಕಳನ್ನು ದೊಡ್ಡ ದೊಡ್ಡ ಮಕ್ಕಳ ಮನೆಗಳಿಗೆ ತುಂಬಿತ್ತು. 1989ರಲ್ಲಿ ಆ ಸರಕಾರ ಬಿದ್ದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಮುಂದೆ ಬುಕಾರೆಸ್ಟ್ ನಗರದಲ್ಲಿ ವಿಜ್ಞಾನಿಗಳು ಅಂಥ 136 ಎಳೆಯ ಮಕ್ಕಳನ್ನು ಪರೀಕ್ಷಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕೊಟ್ಟರು. ಸಂಸಾರದಲ್ಲಿ ಬೆಳೆದವು, ಅದರಲ್ಲೂ ಎರಡು ವರ್ಷ ತುಂಬುವುದರೊಳಗೆ ಹೋದವು, ಬುದ್ಧಿಯಲ್ಲೂ ಮಾತಿನಲ್ಲೂ ಮುಂದೆ ಬಂದವು. ಸರಕಾರ ನಡೆಸಲಿ, ಧರ್ಮಿಷ್ಠರು ನಡೆಸಲಿ, ಅನ್ನ ಬಟ್ಟೆ ಕೊಟ್ಟ ಮಾತ್ರಕ್ಕೆ ಮಗು ಬೆಳೆಯುವುದಿಲ್ಲ.

ಹಾಗಾದರೆ ಅನಾಥಾಲಯವೇ ಬೇಡವೇ ಎಂದು ತರೀಕೆರೆಯ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 1876ರಿಂದ 1878ರವರೆಗಿನ ಧಾತು ಈಶ್ವರ ಕ್ಷಾಮದಲ್ಲಿ ನಮ್ಮ ಮೈಸೂರು ಸೀಮೆ ಸತ್ತು ಸುಣ್ಣವಾಯಿತು. 1871ರಲ್ಲಿ 50 ಲಕ್ಷ ಇದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಆಗ ನಿಜವಾಗಿ ದಿಕ್ಕಿಲ್ಲದ ಮಕ್ಕಳಿದ್ದರು, ಅವರಿಗೆ ಸೂರು ಬೇಕಿತ್ತು. ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು, ಜನ ಪ್ರೀತಿಯಿಂದ ತಾತಯ್ಯ ಎಂದು ಕರೆದವರು, ಮೈಸೂರಿನಲ್ಲಿ ಅನಾಥಾಲಯ ಕಟ್ಟಿದರು. ಅಂಥವರಿಗೆ ಕೈಮುಗಿಯೋಣ. ಮಠದ ಉಚಿತ ಹಾಸ್ಟೆಲ್ಲಿನ ಮಾತೂ ಬೇರೆ. ಹಾಸ್ಟೆಲ್ಲಿನ ಹುಡುಗನಿಗೆ ತಂದೆಯ ಹೆಸರು ಇರುತ್ತದೆ, ದಸರಾ ರಜಕ್ಕೆ ಅವನು ಮನೆಗೆ ಬರುತ್ತಾನೆ. ಮಗು ಓದುವುದಕ್ಕೆ ಊರು ಬಿಡುವುದು ಒಂದು. ಹೊಟ್ಟೆಗಾಗಿ ತಾಯಿಯನ್ನು ಬಿಡುವುದು ಇನ್ನೊಂದು. ನಾನು ಬೇಡವೆನ್ನುವುದು ಎರಡನೆಯದನ್ನು.

ಇನ್ನು ನಮ್ಮ ಬೀದಿಗೆ ಬನ್ನಿ. ಒಬ್ಬ ಹಮಾಲಿ ತೀರಿಕೊಳ್ಳುತ್ತಾನೆ. ಹೆಂಡತಿ ಅಡಿಕೆ ಸುಲಿಯಲು ಹೋಗುತ್ತಾಳೆ. ಎರಡು ಮಕ್ಕಳು. ಬಂಧುಗಳು ಸೇರಿ, ಒಂದನ್ನು ಎಲ್ಲಾದರೂ ಆಶ್ರಮಕ್ಕೆ ಸೇರಿಸಮ್ಮ ಎನ್ನುತ್ತಾರೆ. ಈ ಮಾತು ನೀವೂ ಕೇಳಿದ್ದೀರಿ. ಆ ಮಗುವಿನ ಊಟಕ್ಕೆ ಆಶ್ರಮಕ್ಕೆ ಕೊಡುವ ಹಣವನ್ನು ತಾಯಿಯ ಕೈಗೇ ಏಕೆ ಕೊಡಬಾರದು? ಇದೇ ನನ್ನ ಮೂರನೆಯ ಪಾಠ.

ಕಾಯಿದೆಯೂ ಇದನ್ನೇ ಹೇಳುತ್ತದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ. ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿ ಮಾಡಿಸಿರಲೇಬೇಕು. 2022ರ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ವಿಧವೆಯ, ಗಂಡ ಬಿಟ್ಟವಳ, ದೊಡ್ಡ ರೋಗಕ್ಕೆ ತುತ್ತಾದವರ ಮಕ್ಕಳಿಗೆ, ಮನೆಯಲ್ಲೇ ಬೆಳೆಯಲೆಂದು, ತಿಂಗಳಿಗೆ 4,000 ರೂಪಾಯಿ ನೆರವು ಇಟ್ಟಿದ್ದಾರೆ. ಹಳ್ಳಿಯಲ್ಲಿ ವರ್ಷದ ಆದಾಯ 72,000 ರೂಪಾಯಿ, ಪೇಟೆಯಲ್ಲಿ 96,000 ರೂಪಾಯಿ ಮೀರಬಾರದು. ಅರ್ಜಿ ಹೋಗಬೇಕಾದ್ದು ಚಿಕ್ಕಮಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಡಿಕೆ ಸುಲಿಯುವ ಹೆಂಗಸು ಒಂದು ದಿನದ ಕೂಲಿ ಬಿಟ್ಟು ಚಿಕ್ಕಮಗಳೂರಿಗೆ ಹೋಗಿ, ಅಧಿಕಾರಿ ಇಲ್ಲ ನಾಳೆ ಬಾ ಎನ್ನಿಸಿಕೊಂಡು ಬಂದರೆ, ಮತ್ತೆ ಹೋಗುವಳೇ? ಅವಳ ಜೊತೆಗೆ ಹೋಗುವುದೇ ಸೇವೆ. ಅದಕ್ಕೆ ನೇಪಾಳಕ್ಕೆ ಹೋಗಬೇಕಾಗಿಲ್ಲ.

ಕಾರ್ಮಿಕ ಮಿತ್ರರಿಗೆ ಇನ್ನೊಂದು ಮಾತು. ಭವಿಷ್ಯನಿಧಿ ಕಟ್ಟುವ ಗಿರಣಿಯಲ್ಲಿ ಕೆಲಸಗಾರ ಸತ್ತರೆ, 1995ರ ಪಿಂಚಣಿ ಯೋಜನೆಯಂತೆ ಹೆಂಡತಿಗೆ ಪಿಂಚಣಿ ಉಂಟು. ಅದರ ನೂರಕ್ಕೆ 25 ಪಾಲು ಒಂದೊಂದು ಮಗುವಿಗೆ, ಏಕಕಾಲಕ್ಕೆ ಇಬ್ಬರಿಗೆ, 25 ವಯಸ್ಸಿನವರೆಗೆ ಬರುತ್ತದೆ. ಮೊತ್ತ ಅಲ್ಪ, ಹೆಚ್ಚಿಸಬೇಕೆಂದು ಹೋರಾಡಬೇಕು. ಆದರೆ ಇರುವುದನ್ನಾದರೂ ಬಿಡದೆ ಪಡೆಯಬೇಕು. ನಿಮ್ಮ ಹೆಸರು ಪುಸ್ತಕದಲ್ಲಿದೆಯೇ, ಮಾಲೀಕ ಹಣ ಕಟ್ಟಿದ್ದಾನೆಯೇ, ಮಕ್ಕಳ ಹೆಸರು ಸೇರಿದೆಯೇ ಎಂದು ಬದುಕಿರುವಾಗಲೇ ನೋಡಿಕೊಳ್ಳಿ.

ವರ್ತಕ ಬಂಧುಗಳೇ, ನಿಮ್ಮ ಅಂಗಡಿಗೆ ರಸೀದಿ ಪುಸ್ತಕ ಹಿಡಿದು ಬರುವವರನ್ನು ಬೈದು ಕಳಿಸಿ ಎಂದು ನಾನು ಹೇಳುವುದಿಲ್ಲ. ನಾಲ್ಕು ಪ್ರಶ್ನೆ ಕೇಳಿ. ಬಾಲನ್ಯಾಯ ಕಾಯಿದೆಯಲ್ಲಿ ನಿಮ್ಮ ಸಂಸ್ಥೆ ನೋಂದಣಿಯಾಗಿದೆಯೇ? ಎಷ್ಟು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ? ಹೋದ ವರ್ಷ ಎಷ್ಟು ಮಕ್ಕಳನ್ನು ಮನೆಗೆ ಸೇರಿಸಿದಿರಿ? ತಾಯಿ ಬಂದರೆ ಮಗುವನ್ನು ನೋಡಲು ಬಿಡುತ್ತೀರಾ? ಒಳ್ಳೆಯ ಸಂಸ್ಥೆಯವರು ಸಂತೋಷದಿಂದ ಉತ್ತರ ಕೊಡುತ್ತಾರೆ. ಅವರಿಗೆ ಧಾರಾಳವಾಗಿ ಕೊಡಿ. ಮಗನ ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಊಟ ಹಾಕಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವ ಪದ್ಧತಿಯನ್ನು ಮಾತ್ರ ಬಿಡಿ. ಅದೇ ಹಣದಲ್ಲಿ ನಿಮ್ಮ ಬೀದಿಯ ಒಬ್ಬ ವಿಧವೆಯ ಮಗುವಿನ ಒಂದು ವರ್ಷದ ಪುಸ್ತಕ, ಬಟ್ಟೆ, ಬಸ್ಸಿನ ಖರ್ಚು ನಡೆಯುತ್ತದೆ. ಮಗು ಸಂಕಟದಲ್ಲಿದೆ ಎಂದು ಕಂಡರೆ 1098ಕ್ಕೆ ದೂರವಾಣಿ ಮಾಡಿ.

ಕೊನೆಯದಾಗಿ ಒಂದು ಸೂಚನೆ. ಮೂರು ಊರುಗಳಲ್ಲೂ ಐದೈದು ಜನರ ಒಂದು ಸಮಿತಿ ಮಾಡೋಣ: ಇಬ್ಬರು ಗಿರಣಿಯವರು, ಇಬ್ಬರು ಅಂಗಡಿಯವರು, ಒಬ್ಬ ಮೇಷ್ಟ್ರು. ಬೀದಿಬೀದಿಗೆ ಹೋಗಿ ತಂದೆಯಿಲ್ಲದ ಮಕ್ಕಳಿರುವ ಮನೆಗಳ ಪಟ್ಟಿ ಮಾಡೋಣ. ಯಾರಿಗೆ ಯಾವ ನೆರವು ಬರಬೇಕು, ಬಂದಿಲ್ಲ, ಏಕೆ ಬಂದಿಲ್ಲ ಎಂದು ಬರೆದುಕೊಳ್ಳೋಣ. ಮುಂದಿನ ತಿಂಗಳ ಮೊದಲ ಭಾನುವಾರ ಆ ಪಟ್ಟಿಗಳನ್ನು ಒಟ್ಟಿಗೆ ತೆಗೆದುಕೊಂಡು ಚಿಕ್ಕಮಗಳೂರಿಗೆ ಹೋಗುವ ದಿನವನ್ನು ಗೊತ್ತುಮಾಡೋಣ. ಹೆಸರು ಕೊಡುವವರು ಸಭೆ ಮುಗಿದ ಕೂಡಲೇ ಇಲ್ಲಿಯೇ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.