ಲಕ್ಷ ಸಮೀಕರಣ, ಮೂರೇ ಕರ್ಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ದೊಡ್ಡ ಲೆಕ್ಕಕ್ಕೆ ದೊಡ್ಡ ಕಂಪ್ಯೂಟರೇ ಬೇಕು, ನಮ್ಮ ಶಾಲೆಯ ಹಳೆಯ ಯಂತ್ರಗಳಲ್ಲಿ ಏನೂ ಆಗದು ಎಂದು ಇವತ್ತು ಮಕ್ಕಳು ಎರಡು ಮೂರು ಸಲ ಹೇಳಿದರು. ಅದು ಪೂರ್ತಿ ನಿಜವಲ್ಲ. ಅದಕ್ಕೇ ಈ ಮಾತು.

ಒಂದು ಕಬ್ಬಿಣದ ಸರಳು. ಅಲ್ಲಲ್ಲಿ ಕಾವು ಬೀಳುತ್ತಿದೆ. ಎಲ್ಲಿ ಎಷ್ಟು ಬಿಸಿ? ಸರಳಿನ ಮೇಲೆ 1 ಲಕ್ಷ ಚುಕ್ಕಿ ಗುರುತಿಸಿದರೆ 1 ಲಕ್ಷ ಸಮೀಕರಣ. ಮ್ಯಾಟ್ರಿಕ್ಸ್‌ನಲ್ಲಿ 1,000 ಕೋಟಿ ಮನೆಗಳು. ಒಂದಕ್ಕೆ 8 ಬೈಟ್‌ನಂತೆ 80 ಜಿಬಿ! ನನ್ನ ಲ್ಯಾಪ್‌ಟಾಪಿಗೂ ಅದು ಹಿಡಿಸದು.

ಆದರೆ ಒಂದು ಚುಕ್ಕಿಯ ಬಿಸಿಗೆ ನೇರ ಸಂಬಂಧವಿರುವುದು ಅಕ್ಕಪಕ್ಕದ ಎರಡು ಚುಕ್ಕಿಗಳಿಗೆ ಮಾತ್ರ. ಹಾಗಾಗಿ ಪ್ರತಿ ಸಾಲಿನಲ್ಲಿ ಹೆಚ್ಚೆಂದರೆ ಮೂರು ಅಂಕಿ, ಅವೂ ಕರ್ಣಕ್ಕೆ ಅಂಟಿಕೊಂಡೇ ಇರುತ್ತವೆ. ಉಳಿದದ್ದೆಲ್ಲ ಸೊನ್ನೆ. ಇದೇ ಬ್ಯಾಂಡೆಡ್ ಮ್ಯಾಟ್ರಿಕ್ಸ್. ಸೊನ್ನೆಗಳನ್ನು ಬಿಟ್ಟು ಬರೆದರೆ 2.4 ಎಂಬಿ ಸಾಕು. ಮೊಬೈಲಿನ ಒಂದು ಫೋಟೋದಷ್ಟು. ಬಿಡಿಸುವುದೂ ಹತ್ತನೇ ತರಗತಿಯ ವರ್ಜಿಸುವ ವಿಧಾನದಿಂದಲೇ: ಮೇಲಿನಿಂದ ಒಂದೊಂದೇ ಸಾಲು ಕಳೆಯುತ್ತಾ ಇಳಿಯುವುದು, ಉತ್ತರ ತುಂಬುತ್ತಾ ಹತ್ತುವುದು. ಶಾಲೆಯ ಕಂಪ್ಯೂಟರು ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ.

ಇಲ್ಲೊಂದು ಮಜಾ ಇದೆ. ಬೀದಿಯ 6 ಮನೆಗಳಿಗೆ ವರಸೆಯಾಗಿ ನಂಬರು ಕೊಟ್ಟರೆ ಪಕ್ಕದ ಮನೆಗಳ ವ್ಯತ್ಯಾಸ 1. ಅದೇ ಬೀದಿಗೆ 1, 4, 2, 5, 3, 6 ಎಂದು ಕೊಟ್ಟರೆ ವ್ಯತ್ಯಾಸ 3ಕ್ಕೆ ಹೋಗುತ್ತದೆ. ಈ ಅತಿ ದೊಡ್ಡ ವ್ಯತ್ಯಾಸವೇ ಬ್ಯಾಂಡ್‌ವಿಡ್ತ್. (ಇಂಟರ್ನೆಟ್ಟಿನ ಬ್ಯಾಂಡ್‌ವಿಡ್ತ್ ಬೇರೆ, ಅದಕ್ಕೆ ದುಡ್ಡು ಕಟ್ಟಬೇಕು.) ಬೀದಿ ಅದೇ, ಮನೆಗಳು ಅವೇ, ಕೆಟ್ಟ ನಂಬರಿನಿಂದ ಕೆಲಸ ಹೆಚ್ಚುತ್ತದೆ.

ಅಮೆರಿಕದ ನೌಕಾಪಡೆಯ ಸಂಶೋಧನಾ ಕೇಂದ್ರದಲ್ಲಿದ್ದ ಎಲಿಜಬೆತ್ ಕಟ್‌ಹಿಲ್ ಮತ್ತು ಜೇಮ್ಸ್ ಮೆಕೀ 1969ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಒಂದು ತುದಿಯಿಂದ ಶುರುಮಾಡಿ, ಮೊದಲು ಅದರ ನೆರೆಯವರಿಗೆ ನಂಬರು, ಆಮೇಲೆ ನೆರೆಯವರ ನೆರೆಯವರಿಗೆ. ಅವರಲ್ಲೂ ಸಂಬಂಧ ಕಡಿಮೆ ಇರುವವರಿಗೆ ಮೊದಲು. ಅಷ್ಟೇ. ಇಷ್ಟು ಸರಳವಾದದ್ದು ಇವತ್ತಿಗೂ ಬಳಕೆಯಲ್ಲಿದೆ ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಎಲ್ಲ ಸಲವೂ ಇದರಿಂದ ಅತ್ಯುತ್ತಮ ಉತ್ತರ ಬರುತ್ತದೆ ಎಂದಲ್ಲ. ಎಂಥ ಜಾಲಕ್ಕಾದರೂ ಅತ್ಯುತ್ತಮ ನಂಬರನ್ನು ಬೇಗ ಹುಡುಕಿಕೊಡುವ ವಿಧಾನ ಇನ್ನೂ ಯಾರಿಗೂ ಸಿಕ್ಕಿಲ್ಲ.

ಮಕ್ಕಳಿಗೆ ಒಂದು ಲೆಕ್ಕ. ನಡುವೆ ಬಾವಿ, ಸುತ್ತ 6 ಮನೆ. ಪ್ರತಿ ಮನೆಯಿಂದ ಬಾವಿಗೆ ಮಾತ್ರ ದಾರಿ. 1ರಿಂದ 7ರವರೆಗೆ ನಂಬರು ಕೊಡಿ. ಬಾವಿಗೆ 1 ಕೊಟ್ಟರೆ ಬ್ಯಾಂಡ್‌ವಿಡ್ತ್ 6. ಎಷ್ಟಕ್ಕೆ ಇಳಿಸಬಹುದು? ಊಟದ ಪಂಕ್ತಿ ಏಳುವ ಮೊದಲು ಹೇಳಿದವರಿಗೆ ನನ್ನ ಜೇಬಿನ ಪೆನ್ನು. ಗುರುಗಳು ಹೇಳಿಕೊಡಬಾರದು.