ಸೂರಕ್ಕಿ ಬರುವ ಬಳ್ಳಿ



ಇವತ್ತು ನಾವು ಒಂದು ಹೂವಿನ ಬಳ್ಳಿಯ ವಿಷಯ ಮಾತಾಡುವ. "ಹೂವಿನಿಂದ ಹೊಟ್ಟೆ ತುಂಬುತ್ತದಾ?" ಅಂತ ಕೆಲವರು ಕೇಳಬಹುದು. ತುಂಬುವುದಿಲ್ಲ. ಮಲ್ಲಿಗೆಯ ಹಾಗೆ ಅಟ್ಟೆ ಕಟ್ಟಿ ಮಾರಲಿಕ್ಕೂ ಆಗುವುದಿಲ್ಲ. ಆದರೆ ಸೂರಕ್ಕಿಯ ಹೊಟ್ಟೆ ತುಂಬುತ್ತದೆ.

ಸೂರಕ್ಕಿಯನ್ನು ನಾವೆಲ್ಲ ನೋಡಿದ್ದೇವೆ. ಗುಬ್ಬಿಗಿಂತ ಸಣ್ಣ ಹಕ್ಕಿ. ಕೊಕ್ಕು ಉದ್ದ, ತುದಿ ಬಾಗಿದೆ. ಬಾಳೆಯ ಹೂವಿಗೆ ಬಂದು ರಸ ಹೀರುತ್ತದೆ. ಹುಳು, ಜೇಡ ಹಿಡಿದು ಮರಿಗಳಿಗೆ ಕೊಡುತ್ತದೆ. ನಮ್ಮ ಅಂಗಳಕ್ಕೆ ಬರುವ ಒಂದು ಜಾತಿಯ ಸೂರಕ್ಕಿಯಲ್ಲಿ ಗೂಡು ಕಟ್ಟುವ ಕೆಲಸ ಹೆಚ್ಚಿನದೂ ಹೆಣ್ಣಿನದೇ. ಜೇಡರ ಬಲೆ, ನಾರು, ತೊಗಟೆಯ ಚೂರು ಸೇರಿಸಿ ಚೀಲದ ಹಾಗೆ ತೂಗಾಡುವ ಗೂಡು ಕಟ್ಟುತ್ತದೆ. ಮರಿಗಳಿಗೆ ತಿನ್ನಿಸಲಿಕ್ಕೆ ಗಂಡೂ ಬರುತ್ತದೆ. ಅಷ್ಟಾದರೂ ಮಾಡುತ್ತದಲ್ಲ!

ಈಗ ಬಳ್ಳಿಯ ವಿಷಯ. ಇದು ನಮ್ಮ ಪಶ್ಚಿಮ ಘಟ್ಟದ ಕಾಡಿನದೇ ಬಳ್ಳಿ. ಹೂವು ಹಳದಿ ಮತ್ತು ಕೆಂಪು ಕಂದು. ಉದ್ದ ದಂಟಿನಲ್ಲಿ ಮಾಲೆಯ ಹಾಗೆ ಕೆಳಗೆ ನೇತಾಡುತ್ತದೆ. ಸೂರಕ್ಕಿ ಆ ದಂಟಿನ ಮೇಲೆ ಕೂತು ಹೂವಿನೊಳಗೆ ಕೊಕ್ಕು ಹಾಕುತ್ತದೆ. ಆಗ ಹೂವಿನ ಪುಡಿ ಅದರ ತಲೆಗೆ ಅಂಟುತ್ತದೆ. ಇನ್ನೊಂದು ಹೂವಿಗೆ ಹೋದಾಗ ಅಲ್ಲಿ ತಾಗುತ್ತದೆ. ಹೀಗೆ ಕಾಯಿ ಕಟ್ಟುತ್ತದೆ.

ಇದರ ಹೆಸರು ತುನ್-ಬರ್-ಜಿ-ಯಾ ಮೈ-ಸೂ-ರೆನ್-ಸಿಸ್. ನಿಧಾನ ಓದಿ. ಮೈಸೂರಿನ ಹೆಸರು ಒಳಗೇ ಉಂಟು! ಚೀಟಿಯಲ್ಲಿ ಬರೆದುಕೊಂಡು ನರ್ಸರಿಗೆ ಹೋಗಿ ಕೇಳಿ. ಬಳ್ಳಿ ಇರುವವರ ಮನೆಯಿಂದ ಗೆಲ್ಲು ತಂದರೂ ಆಯಿತು. ಚಾರ್ಮಾಡಿಯ ಕಾಡಿಗೆ ಹೋಗಿ ಬುಡ ಕೀಳಬೇಡಿ. ಕಿತ್ತ ದೊಡ್ಡ ಬಳ್ಳಿ ಬದುಕುವುದು ಕಷ್ಟ. ಕಾಡಿನ ಹಕ್ಕಿಗೂ ಇಲ್ಲ, ನಮಗೂ ಇಲ್ಲ ಅಂತ ಆಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಗಿಡ ಕೀಳುವುದು ಅಪರಾಧವೂ ಹೌದು.

ಗೆಲ್ಲು ಪೆನ್ಸಿಲಿನಷ್ಟು ದಪ್ಪ ಇರಲಿ. ತೀರ ಎಳತು ಬೇಡ, ತೀರ ಬಲಿತದ್ದೂ ಬೇಡ. ಎರಡು ಮೂರು ಗಂಟು ಇರುವ ಹಾಗೆ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ. ಹೊಯಿಗೆ, ಮಣ್ಣು, ಹಳೆಯ ಸೆಗಣಿ ಗೊಬ್ಬರ ಬೆರೆಸಿ ತೊಟ್ಟೆಗೆ ತುಂಬಿಸಿ. ಒಂದು ಗಂಟು ಮಣ್ಣಿನೊಳಗೆ ಹೋಗುವ ಹಾಗೆ ನೆಡಿ. ನೆರಳಿನಲ್ಲಿ ಇಡಿ. ತೊಟ್ಟೆಗೆ ತೂತು ಮಾಡಲು ಮರೆಯಬೇಡಿ. ನಮ್ಮ ಮಳೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ.

ಬೇರು ಬಂದು ಹೊಸ ಚಿಗುರು ಕಂಡ ಮೇಲೆ ಅಂಗಳದ ಬದಿಯಲ್ಲಿ ನೆಡಿ. ಚಪ್ಪರ ಮಾತ್ರ ಗಟ್ಟಿ ಬೇಕು, ತಲೆಗಿಂತ ಎತ್ತರ ಬೇಕು. ಗೋಡೆಗೆ ಹಬ್ಬಿಸಿದರೆ ಹೂವಿನ ಮಾಲೆ ಚೆನ್ನಾಗಿ ಇಳಿಯುವುದಿಲ್ಲ. ಹಳೆಯ ಅಡಿಕೆ ಮರದ ಕಂಬ, ಅಡ್ಡಕ್ಕೆ ಬಿದಿರು ಸಾಕು. ಬೇಸಗೆಯಲ್ಲಿ ಅಕ್ಕಿ ತೊಳೆದ ನೀರು ಬುಡಕ್ಕೆ ಹಾಕಿ. ಹೂವು ಮುಗಿದ ಮೇಲೆ ಸವರಿ. ಇಲ್ಲದಿದ್ದರೆ ಪಕ್ಕದ ಮರಕ್ಕೂ ಹತ್ತುತ್ತದೆ!

ಹುಳು ಕಂಡಿತು ಅಂತ ವಿಷ ಹೊಡೆಯಬೇಡಿ. ಅದೇ ಹುಳು ಸೂರಕ್ಕಿಯ ಮರಿಗೆ ಊಟ. ವಿಷದ ಕಥೆ ನಮ್ಮ ತಾಲೂಕಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಕ್ಕಡದ ಸುತ್ತ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆ ಮನೆಗಳ ತಾಯಂದಿರ ಕಷ್ಟ ನಮಗೆ ಗೊತ್ತುಂಟು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ.

ಬಳ್ಳಿ ಹಬ್ಬಿದವರು ಸವರಿದ ಗೆಲ್ಲನ್ನು ಬಿಸಾಡಬೇಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಂದಿನ ಸಭೆಗೆ ತನ್ನಿ.